ಕೀನ್ಯಾದಲ್ಲಿ ನೆಲೆಸುವವರು ಅರಿಯಬೇಕಾದುದು

ಉದ್ಯೋಗವನ್ನರಸಿ ಕಡಲಾಚೆಗೆ ಹೋಗುವುದು ಭಾರತೀಯರಿಗೆ ಹೊಸತೇನಲ್ಲ. ಋತುಮಾನದ ಮಾರುತಗಳನ್ನು ನಂಬಿ ಪಶ್ಚಿಮ ಕರಾವಳಿಯ ಹಾಯಿಹಡಗುಗಳು ಆಫ್ರಿಕದ ಪೂರ್ವ ತೀರಕ್ಕೆ ಹೋಗಿಬರುತ್ತಿದ್ದುದು ಶತಮಾನಗಳ ಹಿಂದಿನ ಮಾತು. ಇಂದು ಅದೇ ತೀರದ ಕೀನ್ಯಾ ದೇಶಕ್ಕೆ ಶಿಕ್ಷಕರು, ವೈದ್ಯರು, ಇಂಜಿನಿಯರುಗಳು, ಲೆಕ್ಕಪರಿಶೋಧಕರು ಕೆಲವೇ ಗಂಟೆಗಳಲ್ಲಿ ಹೋಗಿ ಇಳಿಯುತ್ತಾರೆ. ಪ್ರಯಾಣವೇನೋ ಸುಲಭವಾಗಿದೆ; ಆದರೆ ನೆಲೆಸುವುದು ಅಷ್ಟು ಸುಲಭವಲ್ಲ. ಅಲ್ಲಿ ಹಿಂದೆ ನೆಲೆಸಿದವರ ಚರಿತ್ರೆಯನ್ನು ಅರಿತು ಹೋಗುವವನಿಗೆ ಆ ನೆಲದ ಮೌನವೂ ಮಾತೂ ಎರಡೂ ಅರ್ಥವಾದಾವು.

1896ರಿಂದ 1901ರವರೆಗೆ ಬ್ರಿಟಿಷರು ಮೊಂಬಾಸಾ ಬಂದರಿನಿಂದ ವಿಕ್ಟೋರಿಯಾ ಸರೋವರದ ದಡದವರೆಗೆ ರೈಲುಮಾರ್ಗವನ್ನು ನಿರ್ಮಿಸಿದರು. ಇದಕ್ಕಾಗಿ ಭಾರತದಿಂದ, ಬಹುಮಟ್ಟಿಗೆ ಪಂಜಾಬಿನಿಂದ, ಸುಮಾರು 32,000 ಕೂಲಿಗಾರರನ್ನು ಕರೆದೊಯ್ಯಲಾಯಿತು. ಅವರಲ್ಲಿ ಸುಮಾರು 2,500 ಮಂದಿ ರೋಗಕ್ಕೂ ಅಪಘಾತಕ್ಕೂ ತುತ್ತಾದರು. ಹೆಚ್ಚಿನವರು ಸ್ವದೇಶಕ್ಕೆ ಮರಳಿದರು. ಸುಮಾರು 6,700 ಮಂದಿ ಅಲ್ಲಿಯೇ ಉಳಿದರು. ರೈಲು ಹೋದೆಡೆಗೆಲ್ಲ ಗುಜರಾತಿನ ವರ್ತಕರು ಅಂಗಡಿ ತೆರೆದರು. 1920ರವರೆಗೆ ಅಲ್ಲಿ ಚಲಾವಣೆಯಲ್ಲಿದ್ದುದು ರೂಪಾಯಿಯೇ. ಇಂದಿಗೂ ಸ್ವಾಹಿಲಿ ಭಾಷೆಯಲ್ಲಿ ಅಂಗಡಿಗೆ ‘ದುಕಾ’, ವಾಹನಕ್ಕೆ ‘ಗಾರಿ’, ಚಪಾತಿಗೆ ‘ಚಪಾತಿ’ ಎಂದೇ ಹೆಸರು. ಮಾತು ಹೀಗೆ ಬೆರೆಯಿತು. ಬಾಳು ಅಷ್ಟಾಗಿ ಬೆರೆಯಲಿಲ್ಲ.

ಅದಕ್ಕೆ ಕಾರಣಗಳುಂಟು. ವಸಾಹತು ಆಡಳಿತವು ಬಿಳಿಯರನ್ನು ಮೇಲೆ, ಆಫ್ರಿಕನ್ನರನ್ನು ಕೆಳಗೆ, ಭಾರತೀಯರನ್ನು ನಡುವೆ ಇರಿಸಿತು. ಎತ್ತರ ಪ್ರದೇಶದ ಫಲವತ್ತಾದ ಭೂಮಿ ಬಿಳಿಯರಿಗೆ ಮೀಸಲಾಯಿತು. ಶಾಲೆ, ಆಸ್ಪತ್ರೆ, ವಸತಿ ಎಲ್ಲವೂ ವರ್ಣಕ್ಕೆ ತಕ್ಕಂತೆ ಬೇರೆಬೇರೆಯಾದುವು. ಭೂಮಿಗೆ ಅವಕಾಶವಿಲ್ಲದ ಭಾರತೀಯನು ವ್ಯಾಪಾರವನ್ನು ನೆಚ್ಚಿದನು. ಆಫ್ರಿಕನ್ನರ ಕಣ್ಣಿಗೆ ಅವನು ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತ ಪರಕೀಯನಾಗಿಯೇ ಉಳಿದನು. 1963ರ ಡಿಸೆಂಬರ್ 12ರಂದು ಕೀನ್ಯಾ ಸ್ವತಂತ್ರವಾದಾಗ ಪೌರತ್ವವನ್ನು ಕೋರಲು ಎರಡು ವರ್ಷಗಳ ಅವಧಿ ದೊರೆಯಿತು. ಅನೇಕರು ಸಂದೇಹದಿಂದ ಬ್ರಿಟಿಷ್ ಪಾಸ್‌ಪೋರ್ಟನ್ನೇ ಇಟ್ಟುಕೊಂಡರು. 1967ರ ಕಾನೂನುಗಳು ಪೌರರಲ್ಲದವರ ಉದ್ಯೋಗ, ವ್ಯಾಪಾರಗಳಿಗೆ ಪರವಾನಗಿಯ ಕಟ್ಟು ಹಾಕಿದುವು; ಮರುವರ್ಷವೇ ಬ್ರಿಟನ್ ತನ್ನ ಬಾಗಿಲನ್ನು ಬಿಗಿಗೊಳಿಸಿತು. ಎರಡು ದಡಗಳ ನಡುವೆ ನಿಂತ ಸಂಸಾರಗಳ ಪಾಡು ಹೇಳತೀರದು. ನೆರೆಯ ಉಗಾಂಡಾದಲ್ಲಂತೂ 1972ರ ಆಗಸ್ಟಿನಲ್ಲಿ ಇದಿ ಅಮೀನನು ಏಷ್ಯನ್ನರಿಗೆ 90 ದಿನಗಳ ಗಡುವು ಕೊಟ್ಟು ದೇಶದಿಂದ ಹೊರಗಟ್ಟಿದನು. ಅದು ಘೋರ ಅನ್ಯಾಯ, ಅದಕ್ಕೆ ಸಮರ್ಥನೆಯಿಲ್ಲ. ಆದರೂ ಗಳಿಸಿದ ಆಸ್ತಿಯೊಂದೇ ಮನುಷ್ಯನನ್ನು ಒಂದು ನೆಲದವನನ್ನಾಗಿ ಮಾಡಲಾರದೆಂಬುದನ್ನು ಅದು ತೋರಿಸಿಕೊಟ್ಟಿತು.

ಬೇರೆ ದಾರಿಯನ್ನು ಹಿಡಿದವರೂ ಇದ್ದರು. ಪಂಜಾಬಿನಲ್ಲಿ ಹುಟ್ಟಿ ಬಾಲ್ಯದಲ್ಲಿಯೇ ನೈರೋಬಿಗೆ ಹೋದ ಮಖನ್ ಸಿಂಗರು ಭಾರತೀಯ ಮತ್ತು ಆಫ್ರಿಕನ್ ಕಾರ್ಮಿಕರನ್ನು ಒಂದೇ ಸಂಘಟನೆಗೆ ತರಲು ದುಡಿದರು. 1950ರಲ್ಲಿ ಬಹಿರಂಗ ಸಭೆಯಲ್ಲಿ ಪೂರ್ಣ ಸ್ವಾತಂತ್ರ್ಯವನ್ನು ಕೇಳಿದುದಕ್ಕಾಗಿ ಹನ್ನೊಂದು ವರ್ಷಗಳಿಗೂ ಮಿಕ್ಕಿ ಬಂಧನವನ್ನು ಅನುಭವಿಸಿದರು. ಪೂರ್ವ ಆಫ್ರಿಕದ ಭಾರತೀಯರು ಗಾಂಧೀಜಿಯವರ ಸ್ಮರಣೆಗಾಗಿ ಕೂಡಿಸಿದ ನಿಧಿಯು ಎಲ್ಲ ಜನಾಂಗದವರೂ ಕಲಿಯುವ ಕಾಲೇಜಿಗೆ ಸಂದಿತು. ಆ ಕಾಲೇಜೇ ಮುಂದೆ ನೈರೋಬಿ ವಿಶ್ವವಿದ್ಯಾಲಯವಾಗಿ ಬೆಳೆಯಿತು. 2017ರಲ್ಲಿ ಕೀನ್ಯಾ ಸರ್ಕಾರವು ಅಲ್ಲಿನ ಏಷ್ಯಾ ಮೂಲದವರನ್ನು ದೇಶದ 44ನೆಯ ಬುಡಕಟ್ಟೆಂದು ಮನ್ನಿಸಿತು. ಇಂಥವರ ಬಾಳುವೆಯ ಹಿನ್ನೆಲೆಯಿಲ್ಲದೆ ಅಂತಹ ಮನ್ನಣೆಯನ್ನು ಊಹಿಸುವುದು ಕಷ್ಟ.

ಇಂದು ಉದ್ಯೋಗಕ್ಕಾಗಿ ಹೋಗುವವರಿಗೆ ಪರವಾನಗಿ ಅವಶ್ಯ. ಅಂತಹ ನೈಪುಣ್ಯವುಳ್ಳವರು ದೇಶದಲ್ಲಿ ದೊರೆಯಲಿಲ್ಲವೆಂಬುದನ್ನು ಕೆಲಸ ಕೊಡುವವನು ತೋರಿಸಬೇಕು. ಹೊರಗಿನವನ ಕೈಕೆಳಗೆ ಆ ಕೆಲಸವನ್ನು ಕಲಿಯುವ ಕೀನ್ಯಾದವನೊಬ್ಬನನ್ನು ಸೂಚಿಸಬೇಕು. ಮೂರು ತಿಂಗಳಿಗಿಂತ ಹೆಚ್ಚು ಕಾಲ ನಿಲ್ಲುವವರು ವಿದೇಶೀಯರಾಗಿ ನೋಂದಣಿ ಮಾಡಿಸಿಕೊಳ್ಳಬೇಕು. ಹಳದಿ ಜ್ವರದ ಲಸಿಕೆಯನ್ನು ಹೊರಡುವುದಕ್ಕೆ ಹತ್ತು ದಿನ ಮೊದಲೇ ಹಾಕಿಸಿಕೊಂಡು ಪ್ರಮಾಣಪತ್ರವನ್ನು ಜೋಪಾನವಾಗಿರಿಸಬೇಕು. ಅದಿಲ್ಲದೆ ಕೀನ್ಯಾದಿಂದ ಮರಳುವವರನ್ನು ಭಾರತದ ವಿಮಾನ ನಿಲ್ದಾಣದಲ್ಲಿ ತಡೆದು ಪ್ರತ್ಯೇಕವಾಗಿ ಇರಿಸಬಹುದು.

ಸಮಭಾಜಕವೃತ್ತದ ಸಮೀಪದಲ್ಲಿದ್ದರೂ ನೈರೋಬಿ ಸೆಕೆಯ ಊರಲ್ಲ; ಸುಮಾರು 1,700 ಮೀಟರು ಎತ್ತರದಲ್ಲಿರುವ ಅಲ್ಲಿ ಜುಲೈ ತಿಂಗಳಲ್ಲಿ ಉಣ್ಣೆಯಂಗಿ ಬೇಕಾಗುತ್ತದೆ. ಮಲೇರಿಯಾದ ಭಯ ಹೆಚ್ಚಾಗಿರುವುದು ಮೊಂಬಾಸಾದ ಕರಾವಳಿಯಲ್ಲಿ ಮತ್ತು ವಿಕ್ಟೋರಿಯಾ ಸರೋವರದ ಸುತ್ತ. ಮಾರ್ಚಿಯಿಂದ ಮೇವರೆಗೆ ದೀರ್ಘ ಮಳೆ, ಅಕ್ಟೋಬರದಿಂದ ಡಿಸೆಂಬರವರೆಗೆ ಅಲ್ಪ ಮಳೆ. ಸ್ವಾಹಿಲಿಯಲ್ಲಿ ದಿನದ ಗಂಟೆಗಳ ಎಣಿಕೆ ಬೆಳಗಿನಿಂದ ಮೊದಲಾಗುತ್ತದೆ: ಬೆಳಿಗ್ಗೆ 7 ಎಂದರೆ ಅವರ ಎಣಿಕೆಯಲ್ಲಿ 1 ಗಂಟೆ. ಸೂರ್ಯೋದಯದಿಂದ ಗಳಿಗೆಗಳನ್ನು ಎಣಿಸುತ್ತಿದ್ದ ಕನ್ನಡ ನಾಡಿನ ಹಿರಿಯರಿಗೆ ಇದು ವಿಚಿತ್ರವೆನಿಸುತ್ತಿರಲಿಲ್ಲ. ಇಂಗ್ಲಿಷಿನಿಂದ ಕಚೇರಿಯ ಕೆಲಸ ಸಾಗೀತು. ಆದರೆ ನೆರೆಹೊರೆಯ ವಿಶ್ವಾಸವನ್ನು ಗಳಿಸಲು ಸ್ವಾಹಿಲಿಯನ್ನು ಕಲಿಯಬೇಕು. ಕುಶಲವನ್ನು ಕೇಳದೆ ನೇರವಾಗಿ ಕೆಲಸದ ಮಾತಿಗೆ ಇಳಿಯುವುದು ಅಲ್ಲಿ ಒರಟುತನವೆನಿಸುತ್ತದೆ.

ಆ ಭಾಷೆಯಲ್ಲಿ ಶಿಕ್ಷಕನಿಗೆ ‘ಮ್ವಾಲಿಮು’ ಎಂದು ಹೆಸರು. ನೆರೆಯ ಟಾಂಜಾನಿಯಾದ ಪ್ರಥಮ ಅಧ್ಯಕ್ಷರಾದ, ಹಿಂದೆ ಶಿಕ್ಷಕರಾಗಿದ್ದ ಜೂಲಿಯಸ್ ನ್ಯೆರೆರೆಯವರನ್ನು ಜನರು ಗೌರವದಿಂದ ಹಾಗೆಯೇ ಕರೆಯುತ್ತಿದ್ದರು. ಪರವಾನಗಿಯ ನಿಯಮವೂ ಹೊರಗಿನಿಂದ ಬಂದವನಿಂದ ಕೇಳುವುದು ಇದನ್ನೇ: ತಾನು ಬಲ್ಲುದನ್ನು ಅಲ್ಲಿಯವನೊಬ್ಬನಿಗೆ ಕಲಿಸಿಕೊಡು ಎಂದು. ಕೆಲವರು ಅದನ್ನು ಕಾಗದದ ವಿಧಿಯೆಂದು ಬಗೆದು ಹೆಸರಿಗಷ್ಟೇ ಒಬ್ಬನನ್ನು ತೋರಿಸುತ್ತಾರೆ. ಮನಃಪೂರ್ವಕವಾಗಿ ಕಲಿಸಿದವನಾದರೋ, ಇಂಜಿನಿಯರನಾಗಿರಲಿ, ಲೆಕ್ಕಿಗನಾಗಿರಲಿ, ಅವಧಿ ಮುಗಿದು ಮರಳುವಾಗ ಉಂಡ ಅನ್ನದ ಋಣವನ್ನು ತೀರಿಸಿ, ತನ್ನ ಕೆಲಸವನ್ನು ಮುಂದುವರಿಸುವವನೊಬ್ಬನನ್ನು ಆ ನೆಲದಲ್ಲಿ ಬಿಟ್ಟು ಬರುತ್ತಾನೆ.