ತುರುವಿನ ದಾಯಾದಿ

ತೆಂಗಿನ ಸೀಮೆಯಲ್ಲಿ ಹುಟ್ಟಿದವನ ಕಣ್ಣಿಗೆ ದೂರ ನೋಡುವ ಅಭ್ಯಾಸ ಕಡಮೆ. ತಿಪಟೂರಿನಿಂದ ತುರುವೇಕೆರೆಗೆ ಹೋದರೇನು, ಚಿಕ್ಕನಾಯಕನಹಳ್ಳಿಗೆ ಹೋದರೇನು, ಮರದ ಹಿಂದೆ ಮರ ನಿಂತು ನೋಟವನ್ನು ತಡೆಯುತ್ತದೆ. ಕೊಬ್ಬರಿಗೆ ಹಿತವಾದ ಈ ನೆರಳಿನಲ್ಲಿ ಕೃಷ್ಣಮೃಗ ಬಾಳಲಾರದು. ಕಣ್ಣನ್ನೂ ಕಾಲನ್ನೂ ನಂಬಿ ಬದುಕುವ ಆ ಪ್ರಾಣಿಗೆ ಬಯಲೇ ಕೋಟೆ.

ನಮ್ಮ ತುಮಕೂರು ಜಿಲ್ಲೆಯಲ್ಲಿಯೇ, ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ, 2007ರಲ್ಲಿ ಜಯಮಂಗಲಿ ನದಿಯ ಹೆಸರಿನಿಂದ ಸಂರಕ್ಷಿತವಾದ 798 ಎಕರೆಯ ಅಂಥ ಬಯಲೊಂದುಂಟು. ಬೆನ್ನು ಕಪ್ಪಾಗಿ, ಒಡಲು ಬಿಳುಪಾಗಿ, ತಿರುಪಿನಂತೆ ಸುತ್ತಿ ಮೇಲೇರಿದ ಕೊಂಬಿನ ಗಂಡು ಮೃಗವೊಂದು ಅಲ್ಲಿ ಹುಲ್ಲಿನ ಕಡ್ಡಿಯನ್ನು ಕಣ್ಣಿನ ಮುಂದಿನ ಗ್ರಂಥಿಗೆ ಮೆಲ್ಲನೆ ತಾಗಿಸಿ, ಅದರ ಅಂಟನ್ನು ಕಡ್ಡಿಗೆ ಸವರಿ, ನಾಲ್ಕು ಹೆಜ್ಜೆ ನಡೆದು ತನ್ನ ಹಳೆಯ ಹಿಕ್ಕೆಯ ಗುಡ್ಡೆಯ ಮೇಲೆಯೇ ಮತ್ತೆ ಹಿಕ್ಕೆಯಿಟ್ಟುದನ್ನು ನಾನು ಕಂಡೆ. ಮೋಜಣಿದಾರರು ನೆಟ್ಟ ಕಲ್ಲಿಗೆ ಮನುಷ್ಯರು ಕೊಡುವುದಕ್ಕಿಂತ ಹೆಚ್ಚಿನ ಗೌರವವನ್ನು ಗಂಡು ಹೀಗೆ ಗುರುತಿಟ್ಟ ಎಲ್ಲೆಗೆ ಮೃಗಗಳು ಕೊಡುತ್ತವೆ.

ಜನ ಇದನ್ನು ಜಿಂಕೆಯೆಂದೇ ಕರೆಯುವರಾದರೂ, ವರ್ಷವರ್ಷವೂ ಕೊಂಬುದುರಿಸುವ ಚುಕ್ಕೆಜಿಂಕೆ, ಕಡವೆಗಳ ಕುಲ ಬೇರೆ; ಒಳಗೆ ಎಲುಬಿನ ತಿರುಳು, ಹೊರಗೆ ಉಗುರಿನ ದ್ರವ್ಯದ ಒರೆ, ಹೀಗೆ ಬೆಳೆದು ಜೀವವಿರುವ ತನಕ ಉದುರದ ಈ ಕೊಂಬು ಎತ್ತಿನ ಕೊಂಬಿನ ಜಾತಿಯದು. ಅಂದರೆ ಕೃಷ್ಣಮೃಗವು ತುರುವಿನ ದಾಯಾದಿ. ಆಫ್ರಿಕದ ಸೆರೆಂಗೆಟಿಯಲ್ಲಿ ಲಕ್ಷೋಪಲಕ್ಷವಾಗಿ ವಲಸೆ ಹೋಗುವ ವೈಲ್ಡ್‌ಬೀಸ್ಟ್ ಕೂಡ ಇದೇ ಮನೆತನದ್ದು. ಆದರೆ ಮರಿ ಸಾಕುವ ಸಂಪ್ರದಾಯ ಬೇರೆ: ಅದರ ಕರು ಹುಟ್ಟಿದ ಕೆಲವೇ ನಿಮಿಷಗಳಲ್ಲಿ ಎದ್ದು ತಾಯಿಯ ಬೆನ್ನು ಹತ್ತಿದರೆ, ಸುಮಾರು ಆರು ತಿಂಗಳು ಗರ್ಭದಲ್ಲಿದ್ದು ಬಂದ ಕೃಷ್ಣಮೃಗದ ಮರಿ ಮೊದಮೊದಲು ಹುಲ್ಲಿನ ನಡುವೆ ಮಿಸುಕದೆ ಮಲಗಿರುತ್ತದೆ; ತಾಯಿ ದೂರದಲ್ಲಿ ಮೇಯುತ್ತಿದ್ದು ಹಾಲೂಡಿಸಲು ಮಾತ್ರ ಬಳಿಗೆ ಬರುತ್ತದೆ. ಹಾಗೆ ಅಡಗಿ ಮಲಗಿದ್ದ ಮರಿಯೇ ಬೆಳೆದ ಮೇಲೆ ಗಂಟೆಗೆ ಸುಮಾರು 80 ಕಿಲೋಮೀಟರಿನ ವೇಗದಲ್ಲಿ ಓಡಬಲ್ಲದು. ಅಟ್ಟಿ ಹಿಡಿಯುತ್ತಿದ್ದ ಚೀತಾ ನಮ್ಮ ದೇಶದಿಂದ ಅಳಿದುದೆಂದು 1952ರಲ್ಲಿ ಸಾರಿದುದಾಯಿತು; ಓಟ ಮಾತ್ರ ಕಾಲುಗಳಲ್ಲಿ ಉಳಿದಿದೆ.

ಕೃಷ್ಣಮೃಗ ಸ್ವಭಾವತಃ ಸಂಚರಿಸುವ ದೇಶವೇ ಯಜ್ಞಕ್ಕೆ ಯೋಗ್ಯವೆಂದು ಮನುಸ್ಮೃತಿ ಹೇಳಿತು. ನಮ್ಮ ಕಡೆ ಅದನ್ನು ಉಳಿಸಿಕೊಟ್ಟುದರಲ್ಲಿ ಸ್ಮೃತಿಗಿಂತ ದನದ ಪಾಲು ದೊಡ್ಡದೆಂದು ನನ್ನ ಎಣಿಕೆ. ಮೈಸೂರಿನ ಅರಸರು ಅಮೃತಮಹಲ್ ರಾಸುಗಳಿಗೆಂದು ಬಿಟ್ಟ ಕಾವಲುಗಳಲ್ಲಿ, ದಾಯಾದಿಯ ಹಕ್ಕಿನಿಂದಲೋ ಎಂಬಂತೆ, ಇದೂ ಮೇಯ್ದು ಬದುಕಿತು. ಕಡೂರು ಸೀಮೆಯ ಬಾಸೂರು ಕಾವಲಿನಲ್ಲಿ ಈಗಲೂ ಇದೆ. ನಮ್ಮ ತಿಪಟೂರಿನ ಕೊನೇಹಳ್ಳಿಯಲ್ಲಿ ಅಮೃತಮಹಲ್ ದನಗಳನ್ನು ಇಂದಿಗೂ ಸಾಕುತ್ತಾರಷ್ಟೆ.

ಮರ ಬೆಳೆಸಿ ಬದುಕಿದ ನಮಗೆ ಮರವಿಲ್ಲದ ನೆಲವೆಲ್ಲ ಬೀಳಾಗಿ ಕಾಣುವುದು ಸಹಜ. ಆದರೂ ಕಾವಲಿನಲ್ಲಿ ಸಸಿ ನೆಡಲು ಹೊರಟವರು ಗುಂಡಿ ತೋಡುವ ಮುನ್ನ, ಆ ಹುಲ್ಲಿನಲ್ಲಿ ಮರಿಯೇನಾದರೂ ಮಲಗಿದೆಯೆ ಎಂದು ಒಮ್ಮೆ ನೋಡಿರಿ.