ಅಲೆಯ ಬಲ ಮತ್ತು ಕಾರ್ಯಕ್ರಮದ ಸ್ವರೂಪ: ಸ್ಥಳೀಯ ಬಾನುಲಿ ಕೇಂದ್ರಗಳ ಲೆಕ್ಕಾಚಾರ

ದಸರಾ ಸಮೀಪಿಸಿತೆಂದರೆ ಮೈಸೂರಿನ ವರ್ತಕರು ಹಾಗೂ ಸಣ್ಣ ಉದ್ಯಮಿಗಳು ಪ್ರಚಾರಕ್ಕೆಂದು ಒಂದಿಷ್ಟು ಹಣ ತೆಗೆದಿರಿಸುವುದು ವಾಡಿಕೆ. ಈ ಹಣದಲ್ಲಿ ಪತ್ರಿಕೆಗೆ ಎಷ್ಟು, ಫಲಕಗಳಿಗೆ ಎಷ್ಟು, ಬಾನುಲಿಗೆ ಎಷ್ಟು ಎಂಬ ಪ್ರಶ್ನೆ ಬಂದಾಗ ಹೆಚ್ಚಿನವರು ಕೇಳುವುದು ಒಂದೇ: ಹತ್ತು ಸೆಕೆಂಡಿಗೆ ದರ ಎಷ್ಟು? ದರವು ಲೆಕ್ಕದ ಒಂದು ಭಾಗ ಮಾತ್ರ. ಕೇಂದ್ರದ ಧ್ವನಿ ಎಲ್ಲಿಯವರೆಗೆ ಸ್ಪಷ್ಟವಾಗಿ ತಲುಪುತ್ತದೆ, ತಲುಪಿದಲ್ಲಿ ಅದನ್ನು ಯಾರು ಕೇಳುತ್ತಾರೆ ಎಂಬ ಎರಡು ಸಂಗತಿಗಳೇ ಜಾಹೀರಾತಿನ ನಿಜವಾದ ಬೆಲೆಯನ್ನು ನಿರ್ಧರಿಸುತ್ತವೆ. ಮೊದಲನೆಯದು ಅಲೆಯ ಬಲಕ್ಕೆ, ಎರಡನೆಯದು ಕಾರ್ಯಕ್ರಮದ ಸ್ವರೂಪಕ್ಕೆ ಸಂಬಂಧಿಸಿದ್ದು. ಸ್ಥಳೀಯ ಕೇಂದ್ರವೊಂದರ ಏಳುಬೀಳು ಕೂಡ ಇವೆರಡನ್ನೇ ಅವಲಂಬಿಸಿದೆ.

ಮೈಸೂರಿನ ಅನುಭವ

ಈ ವಿಷಯದಲ್ಲಿ ಮೈಸೂರಿಗೆ ಇರುವಷ್ಟು ದೀರ್ಘ ಅನುಭವ ದೇಶದ ಕೆಲವೇ ನಗರಗಳಿಗೆ ಇದೆ. ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್‌ನಲ್ಲಿ ಒಂಟಿಕೊಪ್ಪಲಿನ ತಮ್ಮ ಮನೆಯಲ್ಲಿಯೇ ಬಾನುಲಿ ಕೇಂದ್ರವೊಂದನ್ನು ಆರಂಭಿಸಿದರು. ಅದರ ಪ್ರಸಾರ ಯಂತ್ರದ ಶಕ್ತಿ ಕೇವಲ 30 ವ್ಯಾಟ್. ಇಂದಿನ ಸಾಧಾರಣ ವಿದ್ಯುತ್ ದೀಪವೊಂದಕ್ಕಿಂತ ಅದು ಬಹಳ ಹೆಚ್ಚೇನಲ್ಲ. ಮುಂದೆ 250 ವ್ಯಾಟ್ ಶಕ್ತಿಯ ಯಂತ್ರ ಬಂದಿತು. ‘ಆಕಾಶವಾಣಿ’ ಎಂಬ ಹೆಸರನ್ನು ಹೊತ್ತದ್ದು ಈ ಪುಟ್ಟ ಕೇಂದ್ರ; ಮುಂದೆ ರಾಷ್ಟ್ರದ ಬಾನುಲಿ ಸಂಸ್ಥೆಯೇ ಆ ಹೆಸರನ್ನು ಸ್ವೀಕರಿಸಿತು.

1942ರಲ್ಲಿ ಮೈಸೂರು ಸಂಸ್ಥಾನದ ಸರ್ಕಾರವು ಈ ಕೇಂದ್ರವನ್ನು ವಹಿಸಿಕೊಂಡಿತು. 1955ರಲ್ಲಿ ಅದು ಬೆಂಗಳೂರಿಗೆ ಸ್ಥಳಾಂತರಗೊಂಡಿತು. ಮೈಸೂರಿನಲ್ಲಿ ಆಕಾಶವಾಣಿ ಕೇಂದ್ರ ಮತ್ತೆ ಆರಂಭವಾದದ್ದು 1974ರ ನವೆಂಬರ್‌ನಲ್ಲಿ. ನಡುವಿನ ಸುಮಾರು 19 ವರ್ಷಗಳ ಕಾಲ ನಗರದ ಬಾನುಲಿ ಪೆಟ್ಟಿಗೆಗಳು ಮೂಕವಾಗಿರಲಿಲ್ಲ. ದೂರದ ಮಧ್ಯಮ ತರಂಗ ಕೇಂದ್ರಗಳು ಕೇಳಿಸುತ್ತಿದ್ದವು. ಇಲ್ಲವಾದದ್ದು ಮೈಸೂರಿನದೇ ಆದ ಧ್ವನಿ. ಮೊದಲ ಕಾಲದಲ್ಲಿ ಊರಿನ ಮಾತಿತ್ತು, ಅಲೆ ದುರ್ಬಲವಾಗಿತ್ತು. ನಂತರದ ಕಾಲದಲ್ಲಿ ಅಲೆ ಪ್ರಬಲವಾಗಿತ್ತು, ಊರಿನ ಮಾತಿರಲಿಲ್ಲ. ಎರಡೂ ಕೂಡಿ ಬಂದರೆ ಮಾತ್ರ ಸ್ಥಳೀಯ ಕೇಂದ್ರವೆಂಬುದಕ್ಕೆ ಅರ್ಥವಿದೆ.

ಅಲೆ ಎಲ್ಲಿಯವರೆಗೆ?

ಮಧ್ಯಮ ತರಂಗಗಳು ನೆಲವನ್ನು ಅನುಸರಿಸಿ ಬಹುದೂರ ಸಾಗುತ್ತವೆ. ಆದರೆ ಮೋಟಾರು, ವೆಲ್ಡಿಂಗ್ ಯಂತ್ರ, ವಿದ್ಯುತ್ ತಂತಿಗಳ ಗದ್ದಲವನ್ನೂ ಬಾನುಲಿ ಪೆಟ್ಟಿಗೆಗೆ ತರುತ್ತವೆ. ಮೇಟಗಳ್ಳಿ ಅಥವಾ ಹೆಬ್ಬಾಳದ ಕೈಗಾರಿಕಾ ಪ್ರದೇಶದ ಕಾರ್ಖಾನೆಯಲ್ಲಿ ಕುಳಿತು ಮಧ್ಯಮ ತರಂಗದ ಕೇಂದ್ರ ಕೇಳಲು ಯತ್ನಿಸಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಎಫ್.ಎಂ. ಪ್ರಸಾರವು ಈ ಗದ್ದಲದಿಂದ ಬಹುಮಟ್ಟಿಗೆ ಮುಕ್ತ. ಆದರೆ ಅದರ ಅಲೆಗಳು ಹೆಚ್ಚುಕಡಿಮೆ ನೇರ ರೇಖೆಯಲ್ಲಿ ಚಲಿಸುವುದರಿಂದ ದಿಗಂತದಾಚೆಗೆ ಬೇಗನೆ ಕ್ಷೀಣಿಸುತ್ತವೆ.

ಈ ದಿಗಂತದ ದೂರವನ್ನು ಅಂದಾಜು ಮಾಡುವ ಸರಳ ಸೂತ್ರವೊಂದಿದೆ: ಆಂಟೆನಾದ ಎತ್ತರವನ್ನು ಮೀಟರ್‌ಗಳಲ್ಲಿ ತೆಗೆದುಕೊಂಡು ಅದರ ವರ್ಗಮೂಲವನ್ನು 4.12ರಿಂದ ಗುಣಿಸಿದರೆ ಕಿಲೋಮೀಟರ್‌ಗಳು ದೊರೆಯುತ್ತವೆ. 25 ಮೀಟರ್ ಎತ್ತರಕ್ಕೆ ಸುಮಾರು 20 ಕಿ.ಮೀ., 100 ಮೀಟರ್ ಎತ್ತರಕ್ಕೆ ಸುಮಾರು 41 ಕಿ.ಮೀ. ಅಂದರೆ ದೂರ ಎರಡು ಪಟ್ಟಾಗಬೇಕಾದರೆ ಎತ್ತರ ನಾಲ್ಕು ಪಟ್ಟಾಗಬೇಕು. ಯಂತ್ರದ ಶಕ್ತಿಯ ಕಥೆಯೂ ಹೀಗೆಯೇ. ಒಂದು ಸ್ಥಳದಲ್ಲಿ ಅಲೆಯ ತೀವ್ರತೆ ಎರಡರಷ್ಟಾಗಬೇಕಾದರೆ ಪ್ರಸಾರದ ಶಕ್ತಿ ನಾಲ್ಕರಷ್ಟಾಗಬೇಕು. ವಿದ್ಯುತ್ ಬಿಲ್ಲು ಏರುವ ವೇಗದಲ್ಲಿ ಕೇಳುಗರ ಸಂಖ್ಯೆ ಏರುವುದಿಲ್ಲ. ಅಲ್ಲದೆ ಖಾಸಗಿ ಕೇಂದ್ರಗಳ ವಿಷಯದಲ್ಲಿ ನಗರಗಳನ್ನು ಜನಸಂಖ್ಯೆಗೆ ಅನುಗುಣವಾಗಿ ವರ್ಗೀಕರಿಸಿ, ಪ್ರತಿ ವರ್ಗಕ್ಕೂ ಶಕ್ತಿಯ ಮಿತಿಯನ್ನು ಸರ್ಕಾರ ಗೊತ್ತುಪಡಿಸಿದೆ. ಹಣವಿದ್ದ ಮಾತ್ರಕ್ಕೆ ಬೆಂಗಳೂರಿನ ಕೇಂದ್ರದಷ್ಟು ಶಕ್ತಿಯನ್ನು ಮೈಸೂರಿನ ಕೇಂದ್ರ ಬಳಸುವಂತಿಲ್ಲ.

ಇದನ್ನು ಮೈಸೂರಿನ ಸುತ್ತಲಿನ ಪೇಟೆಗಳಿಗೆ ಅನ್ವಯಿಸಿ ನೋಡಬಹುದು. ಶ್ರೀರಂಗಪಟ್ಟಣ ಹಾಗೂ ನಂಜನಗೂಡು 25 ಕಿ.ಮೀ. ಒಳಗಿವೆ. ಹುಣಸೂರು ಮತ್ತು ಮಂಡ್ಯ 45 ಕಿ.ಮೀ. ಆಸುಪಾಸಿನಲ್ಲಿವೆ. ಚಾಮರಾಜನಗರ ಹಾಗೂ ಗುಂಡ್ಲುಪೇಟೆ ಇನ್ನೂ ದೂರ. ಮೊದಲ ಎರಡು ಊರುಗಳು ಸಾಮಾನ್ಯವಾಗಿ ಸುರಕ್ಷಿತ ವಲಯ; ನಂತರದವು ಆಂಟೆನಾದ ಎತ್ತರ, ನೆಲದ ಏರಿಳಿತಗಳನ್ನು ಅವಲಂಬಿಸಿದ ಅಂಚಿನ ವಲಯ. ನಗರಕ್ಕಿಂತ ಸುಮಾರು ಸಾವಿರ ಅಡಿ ಎತ್ತರಕ್ಕೆ ನಿಂತಿರುವ ಚಾಮುಂಡಿ ಬೆಟ್ಟವೂ ಇಲ್ಲಿ ಗಣನೆಗೆ ಬರುತ್ತದೆ. ನಗರದ ವಾಯುವ್ಯದಲ್ಲಿರುವ ಯಾದವಗಿರಿಯಂಥ ಸ್ಥಳದಿಂದ ಹೊರಟ ಅಲೆಗೆ, ಆಗ್ನೇಯದಲ್ಲಿ ಬೆಟ್ಟದ ಆಚೆಗಿರುವ ಉತ್ತನಹಳ್ಳಿಯ ಕಡೆಯ ಪ್ರದೇಶ ಹತ್ತಿರವಿದ್ದರೂ ಮರೆಯಾಗುತ್ತದೆ.

ಒಂದೇ ಸಂಖ್ಯೆ, ಎರಡು ಊರು

2005ರ ಎರಡನೇ ಹಂತದ ನೀತಿಯ ಫಲವಾಗಿ ಮೈಸೂರಿಗೆ ಬಿಗ್ ಎಫ್.ಎಂ. 92.7 ಮೆಗಾಹರ್ಟ್ಸ್‌ನಲ್ಲಿಯೂ, ಮುಂದೆ ರೆಡ್ ಎಫ್.ಎಂ. ಆದ ಕೇಂದ್ರ 93.5ರಲ್ಲಿಯೂ ಬಂದವು. ಅದೇ ಕಂಪನಿಗಳು ಬೆಂಗಳೂರಿನಲ್ಲಿ ಅದೇ ಸಂಖ್ಯೆಗಳನ್ನು ಪಡೆದಿದ್ದವು. ಹೆಸರಿನೊಡನೆ ಸಂಖ್ಯೆಯೂ ಜನರ ನೆನಪಿನಲ್ಲಿ ಉಳಿಯುವುದರಿಂದ ವ್ಯಾಪಾರದ ದೃಷ್ಟಿಯಿಂದ ಇದು ಅನುಕೂಲವೇ. ತಾಂತ್ರಿಕವಾಗಿ ಇದಕ್ಕೊಂದು ಮಿತಿಯಿದೆ. ಒಂದೇ ಸಂಖ್ಯೆಯಲ್ಲಿ ಎರಡು ಅಲೆಗಳು ಬಂದಾಗ ಎಫ್.ಎಂ. ಪೆಟ್ಟಿಗೆಯು ಅವುಗಳನ್ನು ಬೆರೆಸಿ ಕೇಳಿಸುವುದಿಲ್ಲ. ಬಲವಾದುದನ್ನು ಹಿಡಿದು ಇನ್ನೊಂದನ್ನು ಬಿಟ್ಟುಬಿಡುತ್ತದೆ. ಎರಡೂ ಸರಿಸಮವಾಗಿ ಕ್ಷೀಣಿಸಿರುವ ಮದ್ದೂರು, ಚನ್ನಪಟ್ಟಣಗಳ ನಡುವಿನ ಹಾದಿಯಲ್ಲಿ ಕಾರಿನ ಬಾನುಲಿ ಒಮ್ಮೆ ಆ ಊರನ್ನು, ಒಮ್ಮೆ ಈ ಊರನ್ನು ಹಿಡಿಯುವಂತಾಗುವುದು ಇದರಿಂದಲೇ. ಹೆದ್ದಾರಿಯ ಆ ಭಾಗದಲ್ಲಿ ಗಿರಾಕಿಗಳಿರುವ ವರ್ತಕರು ಮೈಸೂರು ಕೇಂದ್ರದ ಜಾಹೀರಾತು ಅಲ್ಲಿಯೂ ಕೇಳಿಸುತ್ತದೆಂದು ನಂಬಿ ಹಣ ತೆರುವುದು ಉಚಿತವಲ್ಲ.

ಸ್ವರೂಪದ ಆಯ್ಕೆ

ಕಾರ್ಯಕ್ರಮಗಳನ್ನು ಜೋಡಿಸುವ ಪದ್ಧತಿ ಮುಖ್ಯವಾಗಿ ಎರಡು. ಆಕಾಶವಾಣಿಯ ಪದ್ಧತಿಯಲ್ಲಿ ದಿನವನ್ನು ತುಂಡುಗಳಾಗಿ ವಿಂಗಡಿಸಿ ಕೃಷಿಕರಿಗೆ, ಮಹಿಳೆಯರಿಗೆ, ಮಕ್ಕಳಿಗೆ, ಶಾಸ್ತ್ರೀಯ ಸಂಗೀತಾಸಕ್ತರಿಗೆ ಒಂದೊಂದು ವೇಳೆ ಮೀಸಲಿಡಲಾಗುತ್ತದೆ. ಖಾಸಗಿ ಕೇಂದ್ರಗಳು ಸಾಮಾನ್ಯವಾಗಿ ಇಡೀ ದಿನ ಒಂದೇ ಬಗೆಯ ಧಾಟಿಯನ್ನು, ಹೆಚ್ಚಾಗಿ ಹೊಸ ಚಲನಚಿತ್ರ ಗೀತೆಗಳನ್ನು, ಅನುಸರಿಸುತ್ತವೆ. ಮೊದಲ ಪದ್ಧತಿಯಲ್ಲಿ ಕೇಳುಗರು ವೇಳೆ ನೋಡಿ ಬರುತ್ತಾರೆ. ಎರಡನೆಯದರಲ್ಲಿ ಯಾವಾಗ ಬಂದರೂ ಅದೇ ದೊರೆಯುತ್ತದೆ. ಬಿತ್ತನೆ ಬೀಜ, ಪಂಪುಸೆಟ್ಟು ಮಾರುವವರಿಗೆ ಕೃಷಿ ಕಾರ್ಯಕ್ರಮದ ಅಕ್ಕಪಕ್ಕದ ಸಮಯ ಹೊಂದುತ್ತದೆ. ಸಿದ್ಧ ಉಡುಪು, ಮೊಬೈಲ್ ಫೋನ್ ಮಾರುವವರಿಗೆ ಚಿತ್ರಗೀತೆಯ ಕೇಂದ್ರ ಹೊಂದುತ್ತದೆ.

ಒಂದು ನಗರದ ಕೇಂದ್ರಗಳೆಲ್ಲವೂ ಅದೇ ಹತ್ತು ಹೊಸ ಹಾಡುಗಳನ್ನು ನುಡಿಸತೊಡಗಿದರೆ ಸಮಸ್ಯೆ ಆರಂಭವಾಗುತ್ತದೆ. ಆಗ ಕೇಳುಗರಿಗೆ ಅವುಗಳ ನಡುವೆ ಉಳಿಯುವ ವ್ಯತ್ಯಾಸ ಒಂದೇ: ಯಾವುದು ಗರಗರ ಇಲ್ಲದೆ ಕೇಳಿಸುತ್ತದೆ ಎಂಬುದು. ಅಲೆ ದುರ್ಬಲವಿರುವ ಕೇಂದ್ರವು ಅನುಕರಣೆಯ ಸ್ವರೂಪವನ್ನು ಆರಿಸಿಕೊಂಡರೆ ತನ್ನ ದೌರ್ಬಲ್ಯವನ್ನೇ ಸ್ಪರ್ಧೆಗೆ ಒಡ್ಡಿದಂತಾಗುತ್ತದೆ. ಬೇರೆಲ್ಲೂ ದೊರೆಯದ ಸ್ಥಳೀಯ ಮಾಹಿತಿಗಾಗಿ ಕೇಳುಗರು ಸ್ವಲ್ಪ ಗದ್ದಲವನ್ನೂ ಸಹಿಸುತ್ತಾರೆ. ಇನ್ನೊಂದು ಕೇಂದ್ರದಲ್ಲಿ ಸ್ಪಷ್ಟವಾಗಿ ದೊರೆಯುವ ಹಾಡಿಗಾಗಿ ಸಹಿಸುವುದಿಲ್ಲ.

ಇದಕ್ಕೆ ತಾಂತ್ರಿಕ ಬೆಂಬಲವೂ ಇದೆ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸಿನಂತೆ ಗ್ರಾಮೀಣ ಪ್ರದೇಶದಲ್ಲಿ ಸ್ಟೀರಿಯೊ ಪ್ರಸಾರಕ್ಕೆ ಬೇಕಾದ ಅಲೆಯ ಮಟ್ಟ 54 ಡೆಸಿಬಲ್, ಮೊನೊ ಪ್ರಸಾರಕ್ಕೆ 48. ನಗರ ಪ್ರದೇಶದಲ್ಲಿ ಕ್ರಮವಾಗಿ 66 ಮತ್ತು 60. ಆರು ಡೆಸಿಬಲ್‌ಗಳ ಈ ಅಂತರದ ಅರ್ಥ, ಮೊನೊ ಪ್ರಸಾರಕ್ಕೆ ಅಲೆಯ ತೀವ್ರತೆ ಅರ್ಧದಷ್ಟಿದ್ದರೂ ಸಾಕು ಎಂಬುದು. ಮಾತು, ಸಂದರ್ಶನ, ಮಾರುಕಟ್ಟೆ ಧಾರಣೆಗಳಿಗೆ ಸ್ಟೀರಿಯೊ ಅನಗತ್ಯ.

ಅಡಾವೆ ಪತ್ರಿಕೆಯ ನೋಟ

ಬಾನುಲಿ ಕೇಂದ್ರವು ಬಹುಪಾಲು ಸ್ಥಿರ ವೆಚ್ಚದ ಉದ್ಯಮ. ಗೋಪುರ, ಯಂತ್ರ, ಬಾಡಿಗೆ, ಸಂಬಳ, ಸವಕಳಿ ಇವು ಕೇಳುಗರು ಹತ್ತು ಸಾವಿರವಿದ್ದರೂ ಒಂದು ಲಕ್ಷವಿದ್ದರೂ ಅಷ್ಟೇ. ಇದರೊಡನೆ ಸರ್ಕಾರಿ ಶುಲ್ಕವಿದೆ. ಮೊದಲ ಹಂತದಲ್ಲಿ ವಾರ್ಷಿಕ ಶುಲ್ಕವು ಪ್ರತಿ ವರ್ಷ ಶೇ. 15ರಷ್ಟು ಏರುತ್ತಿತ್ತು, ಹಲವು ಕಂಪನಿಗಳು ಹಿಂದೆ ಸರಿದವು. ಎರಡನೇ ಹಂತದಲ್ಲಿ ಒಟ್ಟು ಆದಾಯದ ಶೇ. 4 ಅಥವಾ ಪ್ರವೇಶ ಶುಲ್ಕಕ್ಕೆ ಜೋಡಿಸಿದ ಕನಿಷ್ಠ ಮೊತ್ತ, ಇವೆರಡರಲ್ಲಿ ಹೆಚ್ಚಿನದು ಎಂಬ ನಿಯಮ ಬಂದಿತು. 2011ರ ಮೂರನೇ ಹಂತದ ನೀತಿಯಲ್ಲಿಯೂ ಇದೇ ಬಗೆಯ ಕನಿಷ್ಠ ಮೊತ್ತವಿತ್ತು.

ಉದಾಹರಣೆಗೆ ಕನಿಷ್ಠ ಮೊತ್ತ ₹10 ಲಕ್ಷ ಎಂದಿಟ್ಟುಕೊಳ್ಳೋಣ. ₹2.5 ಕೋಟಿ ಆದಾಯದ ಕೇಂದ್ರಕ್ಕೆ ಅದು ಸರಿಯಾಗಿ ಶೇ. 4. ಆದಾಯ ₹1 ಕೋಟಿಗೆ ಇಳಿದರೂ ಅದೇ ₹10 ಲಕ್ಷ ತೆರಬೇಕು; ಹೊರೆ ಶೇ. 10 ಆಗುತ್ತದೆ. ಅಲೆ ಕ್ಷೀಣಿಸಿ ಕೇಳುಗರು ಕಡಿಮೆಯಾದ ಕೇಂದ್ರಕ್ಕೆ ಪೆಟ್ಟು ಎರಡು ಕಡೆಯಿಂದ ಬೀಳುತ್ತದೆ. ಇಂಥ ಸ್ಥಿತಿಯಲ್ಲಿ ಮೊದಲು ಕತ್ತರಿ ಬೀಳುವುದು ಸ್ಥಳೀಯ ನಿರೂಪಕರ ಮೇಲೆ. ಒಂದೇ ಕಂಪನಿಯ ಕೇಂದ್ರಗಳು ದೇಶದಾದ್ಯಂತ ಸಮಾನ ಕಾರ್ಯಕ್ರಮ ಹಂಚಿಕೊಳ್ಳಲು ಮೂರನೇ ಹಂತದ ನೀತಿಯು ಅವಕಾಶ ನೀಡಿದ್ದರಿಂದ, ಬೇರೆ ಊರಿನ ಕಾರ್ಯಕ್ರಮವನ್ನು ತಂದು ಹಾಕುವುದು ಅಗ್ಗದ ದಾರಿ. ಆಗ 1955ರ ನಂತರದ ಸ್ಥಿತಿಯೇ ಮರುಕಳಿಸುತ್ತದೆ: ಪೆಟ್ಟಿಗೆ ಮಾತನಾಡುತ್ತದೆ, ಊರು ಮಾತನಾಡುವುದಿಲ್ಲ.

ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು 2023ರ ಸೆಪ್ಟೆಂಬರ್‌ನಲ್ಲಿ ವಾರ್ಷಿಕ ಶುಲ್ಕವನ್ನು ಪ್ರವೇಶ ಶುಲ್ಕದಿಂದ ಬೇರ್ಪಡಿಸಬೇಕೆಂದೂ, ಖಾಸಗಿ ಕೇಂದ್ರಗಳಿಗೆ ಗಂಟೆಗೆ 10 ನಿಮಿಷ ಸುದ್ದಿ ಪ್ರಸಾರಕ್ಕೆ ಅವಕಾಶ ನೀಡಬೇಕೆಂದೂ ಶಿಫಾರಸು ಮಾಡಿತು. 2024ರ ಆಗಸ್ಟ್‌ನಲ್ಲಿ ಕೇಂದ್ರ ಸಚಿವ ಸಂಪುಟವು 234 ಹೊಸ ನಗರಗಳಲ್ಲಿ 730 ವಾಹಿನಿಗಳ ಹರಾಜಿಗೆ ಒಪ್ಪಿಗೆ ನೀಡಿ, ಅಲ್ಲಿ ಜಿ.ಎಸ್.ಟಿ. ಹೊರತುಪಡಿಸಿದ ಆದಾಯದ ಶೇ. 4ರಷ್ಟನ್ನು ವಾರ್ಷಿಕ ಶುಲ್ಕವಾಗಿ ಗೊತ್ತುಪಡಿಸಿತು. ಸುದ್ದಿಯ ಹೊರತಾಗಿ ಸಂಚಾರ, ಹವಾಮಾನ, ನೀರು ಮತ್ತು ವಿದ್ಯುತ್ ಪೂರೈಕೆ, ಸಾಂಸ್ಕೃತಿಕ ಸಮಾರಂಭಗಳ ಮಾಹಿತಿಗೆ ಮೂರನೇ ಹಂತದ ನೀತಿಯಲ್ಲಿಯೇ ಅವಕಾಶವಿದೆ. ಸ್ಥಳೀಯ ಸ್ವರೂಪ ಕಟ್ಟಲು ಇಷ್ಟು ಸಾಮಗ್ರಿಯೂ ಕಡಿಮೆಯೇನಲ್ಲ.

ಸಣ್ಣ ಅಲೆಯ ಸಮುದಾಯ ಬಾನುಲಿ

ಸಮುದಾಯ ಬಾನುಲಿ ಕೇಂದ್ರಗಳಿಗೆ ಸಾಮಾನ್ಯವಾಗಿ 100 ವ್ಯಾಟ್ ಪ್ರಸಾರ ಶಕ್ತಿಯ ಮಿತಿಯಿದ್ದು, ವ್ಯಾಪ್ತಿ ಸುಮಾರು 10 ಕಿ.ಮೀ. ಮಾತ್ರ. ಮೈಸೂರು ಜಿಲ್ಲೆಯ ಸರಗೂರಿನ ‘ಜನಧ್ವನಿ’ ಇದಕ್ಕೆ ಹತ್ತಿರದ ನಿದರ್ಶನ. ಇಲ್ಲಿ ಅಲೆಯ ಕೊರತೆಯನ್ನು ತುಂಬುವುದು ಸುತ್ತಲಿನ ಹಳ್ಳಿಗಳ ಮಾತು. 2024ರ ಫೆಬ್ರವರಿಯಲ್ಲಿ ಈ ಕೇಂದ್ರಗಳ ಜಾಹೀರಾತು ಮಿತಿಯನ್ನು ಗಂಟೆಗೆ 7 ನಿಮಿಷದಿಂದ 12 ನಿಮಿಷಕ್ಕೆ ಏರಿಸಲಾಯಿತು. ಸರ್ಕಾರಿ ಜಾಹೀರಾತಿನ ದರವೂ ಹತ್ತು ಸೆಕೆಂಡಿಗೆ ₹52ರಿಂದ ₹74ಕ್ಕೆ ಏರಿತು. ಒಂದು ತಾಲ್ಲೂಕಿನಲ್ಲಷ್ಟೇ ವ್ಯಾಪಾರವಿರುವವರು ಈ ಮಾಧ್ಯಮವನ್ನು ಅಲಕ್ಷಿಸಬೇಕಾಗಿಲ್ಲ.

ವರ್ತಕರ ಲೆಕ್ಕ

ಕಲ್ಪಿತ ಅಂಕಿಗಳಿಂದ ಒಂದು ಹೋಲಿಕೆ ಮಾಡಬಹುದು. ‘ಅ’ ಕೇಂದ್ರವು ₹40,000ಕ್ಕೆ 80,000 ಕೇಳುಗರನ್ನು ಹೇಳುತ್ತದೆ. ಅವರಲ್ಲಿ ವರ್ತಕನ ವ್ಯಾಪಾರ ಕ್ಷೇತ್ರದಲ್ಲಿದ್ದು ಸ್ಪಷ್ಟವಾಗಿ ಕೇಳುವವರು ಮುಕ್ಕಾಲು ಭಾಗ, ಅವರಲ್ಲಿ ಆ ಸರಕಿನ ಗಿರಾಕಿಗಳಾಗಬಲ್ಲವರು ಹತ್ತರಲ್ಲೊಬ್ಬರು ಎಂದಾದರೆ ಉಳಿಯುವುದು 6,000 ಮಂದಿ. ತಲಾ ವೆಚ್ಚ ₹6.67. ‘ಆ’ ಕೇಂದ್ರವು ₹24,000ಕ್ಕೆ 30,000 ಕೇಳುಗರನ್ನು ಹೇಳುತ್ತದೆ. ಅವರಲ್ಲಿ ಶೇ. 90ರಷ್ಟು ಮಂದಿಗೆ ಧ್ವನಿ ಸ್ಪಷ್ಟ, ಸ್ವರೂಪ ಹೊಂದುವುದರಿಂದ ನಾಲ್ವರಲ್ಲೊಬ್ಬರು ಗಿರಾಕಿ ಎಂದಾದರೆ 6,750 ಮಂದಿ; ತಲಾ ವೆಚ್ಚ ₹3.56. ಚಿಕ್ಕದೆಂದು ಕಂಡ ಕೇಂದ್ರವೇ ಇಲ್ಲಿ ಅಗ್ಗ.

ತೆರಿಗೆಯ ಅಂಶವನ್ನೂ ಮರೆಯಬಾರದು. ಬಾನುಲಿ ಜಾಹೀರಾತಿನ ಮೇಲಿನ ಜಿ.ಎಸ್.ಟಿ. ಶೇ. 18, ಮುದ್ರಿತ ಪತ್ರಿಕೆಯಲ್ಲಿ ಸ್ಥಳಾವಕಾಶಕ್ಕೆ ಶೇ. 5. ಸಾಮಾನ್ಯ ನೋಂದಣಿಯಲ್ಲಿರುವ ವರ್ತಕರಿಗೆ ನಿಯಮಾನುಸಾರ ಹೂಡುವಳಿ ತೆರಿಗೆ ಜಮೆ ದೊರೆಯುವುದರಿಂದ ಈ ವ್ಯತ್ಯಾಸ ಬಾಧಿಸದು. ರಾಜಿ ತೆರಿಗೆ ಪದ್ಧತಿಯಲ್ಲಿರುವವರಿಗೆ ಜಮೆ ಇಲ್ಲವಾದ್ದರಿಂದ ₹40,000ದ ಜಾಹೀರಾತು ₹47,200 ಆಗಿಯೇ ಖರ್ಚಿಗೆ ಬೀಳುತ್ತದೆ.

ಒಪ್ಪಂದಕ್ಕೆ ಮುನ್ನ ವರ್ತಕರು ಸ್ವತಃ ಪರೀಕ್ಷೆ ಮಾಡುವುದು ಒಳಿತು. ಸರಕು ಸಾಗಿಸುವ ವಾಹನದ ಚಾಲಕನಿಗೆ ಒಂದು ವಾರ ಆ ಕೇಂದ್ರವನ್ನೇ ಹಾಕಿಕೊಂಡು ಹೋಗಲು ತಿಳಿಸಿ, ಧ್ವನಿ ಎಲ್ಲೆಲ್ಲಿ ಕೆಡುತ್ತದೆಂದು ಬರೆದಿಡಿಸಬಹುದು. ಅಂಗಡಿಗೆ ಬಂದ ಗಿರಾಕಿಯನ್ನು ಯಾವ ಊರು, ಯಾವ ಕೇಂದ್ರ, ಯಾವ ವೇಳೆ ಎಂದು ವಿಚಾರಿಸಿ ಬಿಲ್ಲಿನ ಪ್ರತಿಯ ಮೇಲೆ ಗುರುತು ಹಾಕಬಹುದು. ಮೊಬೈಲ್ ಫೋನ್‌ನ ಎಫ್.ಎಂ. ಸಾಮಾನ್ಯವಾಗಿ ಕಿವಿಗೆ ಹಾಕುವ ತಂತಿಯನ್ನೇ ಆಂಟೆನಾ ಆಗಿ ಬಳಸುತ್ತದೆ. ತಂತಿರಹಿತ ಸಾಧನಗಳು ಹೆಚ್ಚಿದಂತೆ ಈ ಬಗೆಯ ಕೇಳುಗರು ಕಡಿಮೆಯಾಗುತ್ತಾರೆ ಎಂಬುದನ್ನೂ ನೆನಪಿನಲ್ಲಿಡಬೇಕು.

ಸ್ಥಳೀಯ ಕೇಂದ್ರಕ್ಕೆ ಸ್ಥಳೀಯ ವರ್ತಕನ ಜಾಹೀರಾತು ಆಧಾರ; ಸ್ಥಳೀಯ ವರ್ತಕನಿಗೆ ತನ್ನ ವ್ಯಾಪಾರ ಕ್ಷೇತ್ರದಷ್ಟೇ ಅಳತೆಯ ಮಾಧ್ಯಮ ಬೇಕು. ದರವನ್ನಷ್ಟೇ ಚೌಕಾಸಿ ಮಾಡುವ ಬದಲು ವ್ಯಾಪ್ತಿಯ ನಕ್ಷೆಯನ್ನೂ ಊರಿನ ಮಾತಿರುವ ಕಾರ್ಯಕ್ರಮವನ್ನೂ ಜಾಹೀರಾತುದಾರರು ಕೇಳತೊಡಗಿದರೆ, ಅವೆರಡನ್ನೂ ಒದಗಿಸುವುದು ಕೇಂದ್ರಗಳಿಗೆ ಲಾಭದಾಯಕವಾಗುತ್ತದೆ.