ಕರುವಿನ ಹೆಣಕ್ಕೆ ವಿಷ ಹಾಕಬೇಡಿ

ಹಾಲು ಉತ್ಪಾದಕ ಅಕ್ಕಂದಿರೇ,

ಜವನಗೊಂಡನಹಳ್ಳಿ ಸುತ್ತಮುತ್ತ ಕೊಟ್ಟಿಗೆಗೆ ಬಂದಾಗ ನಿಮ್ಮಲ್ಲಿ ಕೆಲವರು ಕೇಳುತ್ತೀರಿ: “ಸಾರ್, ತೋಳ ಕರು ತಿಂತು. ಉಳಿದ ಹೆಣಕ್ಕೆ ಬೆಳೆ ಔಷಧಿ ಹಾಕಿ ಇಡಲಾ?”

ಮೊದಲು, ಕೊಂದದ್ದು ತೋಳವೇನಾ ನೋಡಿ. ತೋಳ ಸಣ್ಣ ಕರು, ಕುರಿಗಳನ್ನು ಸಾಮಾನ್ಯವಾಗಿ ಗಂಟಲು ಹಿಡಿದು ಕೊಂದು ದೂರ ಎಳೆದೊಯ್ಯುತ್ತದೆ. ಹಿಂಗಾಲು, ಬಾಲ, ಕಿವಿ ಎಲ್ಲೆಂದರಲ್ಲಿ ಹರಿದು, ಹೆಚ್ಚು ತಿನ್ನದೆ ಬಿಟ್ಟಿದ್ದರೆ ಅದು ಬಹುಪಾಲು ಬೀದಿನಾಯಿಗಳ ಕೆಲಸ. ನರಿ ಬರುವುದು ಹಸು ಹಾಕಿದ ಕಸದ ವಾಸನೆಗೆ; ಪಕ್ಕದಲ್ಲಿ ಇನ್ನೂ ಎದ್ದು ನಿಲ್ಲದ ಎಳೆಗರು ಇದ್ದರೆ ಅದಕ್ಕೂ ಬಾಯಿ ಹಾಕುತ್ತದೆ.

ಬಯಲುಸೀಮೆಯ ತೋಳಕ್ಕೆ ಕೃಷ್ಣಮೃಗ, ಮೊಲ ಆಹಾರ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ ಕೃಷ್ಣಮೃಗಗಳಿಗೆಂದೇ ಹುಲ್ಲುಗಾವಲು ಕಾಯ್ದಿಟ್ಟಿದ್ದಾರೆ. ಉಳಿದೆಡೆ ಕಾವಲು, ಗೋಮಾಳ ಕರಗಿದಂತೆ ಜಿಂಕೆಯೂ ಕಡಿಮೆ. ತೋಳ ಕುರಿಹಿಂಡಿನ ಹಿಂದೆ ಬರುತ್ತದೆ.

ಕೊಂದರೆ ಕಾಟ ತಪ್ಪುತ್ತದೆಯೇ? ನರಿಗಳು ಜೋಡಿಯಾಗಿ ತಮ್ಮ ಎಲ್ಲೆ ಕಾಯುತ್ತವೆ. ಒಂದು ಜೋಡಿ ಸತ್ತರೆ ಆ ಜಾಗಕ್ಕೆ ಇನ್ನೊಂದು ಬರುತ್ತದೆ. ಅಮೆರಿಕದಲ್ಲಿ ನರಿಯಂಥದ್ದೇ ಕಯೋಟಿ ಎಂಬ ಪ್ರಾಣಿಯನ್ನು ಸರ್ಕಾರವೇ ದಶಕಗಳ ಕಾಲ ವಿಷವಿಟ್ಟು, ಗುಂಡು ಹೊಡೆದು ಕೊಲ್ಲಿಸಿತು. ಅದು ಮೊದಲು ಇಲ್ಲದಿದ್ದ ಕಡೆಗೂ ಹಬ್ಬಿತು. ನಿಮ್ಮ ಕಡಲೆಕಾಯಿ ಹೊಲದ ಇಲಿ ತಿನ್ನುವುದೂ ಇದೇ ನರಿ, ಅದನ್ನು ಯಾರೂ ಲೆಕ್ಕ ಹಿಡಿಯುವುದಿಲ್ಲ!

ವಿಷ ಯಾರ ಬಾಯಿಗೆ ಹೋಗುತ್ತದೆಂದು ಹೇಳಲಾಗದು. ಒಂದು ಮನೆಯಲ್ಲಿ ಐದು ವರ್ಷ ಕೊಟ್ಟಿಗೆ ಕಾದ ನಾಯಿಯೇ ಆ ಹೆಣ ತಿಂದಿತು. ನಾನು ಹೋಗುವಷ್ಟರಲ್ಲಿ ಮುಗಿದಿತ್ತು. ಆ ಅಮ್ಮನಿಗೆ ಏನು ಹೇಳಬೇಕೋ ತಿಳಿಯಲಿಲ್ಲ. ತೋಳ, ನರಿಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯೂ ಇದೆ, ಕೇಸಾದರೆ ಜೈಲು.

ಕಾಡುಪ್ರಾಣಿ ಕೊಂದ ದನಕ್ಕೆ ಅರಣ್ಯ ಇಲಾಖೆಯಿಂದ ಪರಿಹಾರವಿದೆ. ಹೆಣ ಕದಲಿಸದೆ ಫೋಟೋ ತೆಗೆದು, ಇಲಾಖೆಯವರಿಗೂ ಪಶು ಆಸ್ಪತ್ರೆಗೂ ಅಂದೇ ತಿಳಿಸಿ. ಮರಣೋತ್ತರ ಪರೀಕ್ಷೆಯ ವರದಿ ಬೇಕಾಗುತ್ತದೆ. ವಿಷ ಸುರಿದ ಹೆಣ ನೋಡಿ ವೈದ್ಯರು ಏನೆಂದು ಬರೆಯಬೇಕು?

ಪರೀಕ್ಷೆ ಮುಗಿದ ಮೇಲೆ ಆಳವಾಗಿ ಗುಂಡಿ ತೋಡಿ, ಸುಣ್ಣ ಹಾಕಿ ಹೂಳಿ, ಮೇಲೆ ಜಾಲಿಮುಳ್ಳು ಹೊರೆಸಿ. ಕಸವನ್ನೂ ಹಾಗೆಯೇ, ತಿಪ್ಪೆಗೆ ಎಸೆಯಬೇಡಿ. ಗಬ್ಬದ ಹಸುವಿಗೆ ದಿನ ತುಂಬಿದ ಮೇಲೆ ರಾತ್ರಿ ಬಯಲಲ್ಲಿ ಕಟ್ಟಬೇಡಿ. ಎಳೆಗರು ಬಾಗಿಲಿರುವ ಗೂಡಿನಲ್ಲಿರಲಿ.

ಕಚ್ಚಿಸಿಕೊಂಡ ದನ ಬದುಕಿದ್ದರೆ, ಕಚ್ಚಿದ್ದು ನಾಯಿಯಾಗಲಿ, ನರಿಯಾಗಲಿ, ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಗಾಯವನ್ನು ಸೋಪು ಹಚ್ಚಿ 15 ನಿಮಿಷ ಹರಿಯುವ ನೀರಲ್ಲಿ ತೊಳೆಯಿರಿ. ಹುಚ್ಚುರೋಗದ ಲಸಿಕೆ ಅಂದೇ ಶುರುವಾಗಬೇಕು. ಜೊಲ್ಲು ಸುರಿಸುವ ದನದ ಬಾಯಿಗೆ ಏನೋ ಸಿಕ್ಕಿದೆಯೆಂದು ಬರಿಗೈ ಹಾಕಬೇಡಿ, ನಮ್ಮನ್ನು ಕರೆಯಿರಿ.